ವಿಟಮಿನ್ ಸಿ ಸೀರಮ್: ಆರು ಬಾಟಲಿ ಹಾಳಾದ ಮೇಲೆ ಏಳನೆಯದು

ಮೊಡವೆ ಒಣಗಿ ಹೋದರೂ ಅದರ ಕಂದು ಕಲೆ ತಿಂಗಳುಗಟ್ಟಲೆ ಕೆನ್ನೆಯ ಮೇಲೆ ಉಳಿಯುತ್ತಿದ್ದ ದಿನಗಳಲ್ಲಿ ನಾನು ವಿಟಮಿನ್ ಸಿ ಸೀರಮ್ ಹಚ್ಚಲು ಆರಂಭಿಸಿದೆ. ಸುಮಾರು ಎರಡು ವರ್ಷಗಳಲ್ಲಿ ಆರು ಬಾಟಲಿ ಕೊಂಡೆ. ಒಂದನ್ನೂ ತಳ ಕಾಣುವವರೆಗೆ ಬಳಸಲಾಗಲಿಲ್ಲ. ಕೆಲವು ಉರಿ ತಂದವು, ಕೆಲವು ಅರ್ಧಕ್ಕೇ ಕಂದು ಬಣ್ಣಕ್ಕೆ ತಿರುಗಿದವು, ಒಂದನ್ನು ನಾನೇ ತಪ್ಪು ತಿಳಿದು ಚೆಲ್ಲಿದೆ. "ಬಾಟಲಿ ಮೇಲೆ ಬಾಟಲಿ ತಂದು ಬಚ್ಚಲಿಗೆ ಸುರಿಯುತ್ತೀಯಲ್ಲ, ಅದೇ ದುಡ್ಡಿಗೆ ಒಳ್ಳೆಯ ಸನ್‌ಸ್ಕ್ರೀನ್ ತಂದು ಹಚ್ಚಿಕೊಳ್ಳಬಾರದೇ?" ಎಂದು ಅಕ್ಕ ಕೇಳುತ್ತಿದ್ದಳು. ಅವಳ ಮಾತಿನಲ್ಲಿ ಅರ್ಧ ಸತ್ಯವಿತ್ತು ಎಂಬುದು ಆಮೇಲೆ ತಿಳಿಯಿತು. ಏಳನೆಯ ಬಾಟಲಿಯಿಂದ ಈಚೆಗೆ ನನ್ನ ಆಯ್ಕೆ ತಪ್ಪಿಲ್ಲವಾದ್ದರಿಂದ, ಸೀರಮ್ ಹಚ್ಚಿ ಅಭ್ಯಾಸವಿದ್ದವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಅಂಕಿಗಳನ್ನು ನೆನಪಿನಿಂದ ಕೊಡುತ್ತಿರುವುದರಿಂದ ಅಲ್ಲಲ್ಲಿ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು.

ನನ್ನ ಮೊದಲ ತಪ್ಪು ಶೇಕಡಾವಾರಿನ ಮೋಹ. ಶೇ. 10ಕ್ಕಿಂತ 15 ಮೇಲು, 15ಕ್ಕಿಂತ 20 ಮೇಲು ಎಂದು ಲೆಕ್ಕ ಹಾಕಿ, ಮೊದಲ ಬಾಟಲಿಯನ್ನೇ ಶೇ. 20ರ ಎಲ್-ಆಸ್ಕಾರ್ಬಿಕ್ ಆ್ಯಸಿಡ್ (ವಿಟಮಿನ್ ಸಿಯ ಶುದ್ಧ ರೂಪ) ತಂದೆ. ಮೂರನೆಯ ದಿನ ಮೂಗಿನ ಪಕ್ಕದ ಮಡಿಕೆಗಳಲ್ಲಿ ಚರ್ಮ ಕೆಂಪಗಾಗಿ ಸಿಪ್ಪೆ ಏಳತೊಡಗಿತು. ಅದನ್ನೇ "ಕೆಲಸ ಮಾಡುತ್ತಿರುವ ಲಕ್ಷಣ" ಎಂದು ಭಾವಿಸಿ ಇನ್ನೂ ಎರಡು ವಾರ ಹಚ್ಚಿದೆ. ಉರಿಯಿಂದ ಹೊಸ ಕಲೆಗಳೇ ಮೂಡಿದವೇ ಹೊರತು ಹಳೆಯವು ಕದಲಲಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಚರ್ಮತಜ್ಞ ಶೆಲ್ಡನ್ ಪಿನೆಲ್ ಮತ್ತು ಸಂಗಡಿಗರು 2001ರಲ್ಲಿ ಹಂದಿಯ ಚರ್ಮದ ಮೇಲೆ ಮಾಡಿದ ಅಧ್ಯಯನವನ್ನು ಆಗಲೇ ಓದಿದ್ದರೆ ಎರಡು ಸಂಗತಿಗಳು ತಿಳಿಯುತ್ತಿದ್ದವು: ಆಸ್ಕಾರ್ಬಿಕ್ ಆಮ್ಲವು ಒಳಗಿಳಿಯಬೇಕಾದರೆ ದ್ರಾವಣದ ಪಿಎಚ್ (ಆಮ್ಲೀಯತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲೀಯತೆ ಹೆಚ್ಚು) 3.5ಕ್ಕಿಂತ ಕೆಳಗಿರಬೇಕು; ಪ್ರಮಾಣವನ್ನು ಶೇ. 20ಕ್ಕಿಂತ ಹೆಚ್ಚಿಸಿದರೆ ಚರ್ಮ ಹೀರುವುದು ಹೆಚ್ಚುವುದಿಲ್ಲ. ಅಷ್ಟು ಆಮ್ಲೀಯವಾದ ದ್ರಾವಣವನ್ನು ನನ್ನಂಥ ತೆಳು ಚರ್ಮದವರು ಗರಿಷ್ಠ ಪ್ರಮಾಣದಲ್ಲಿ ಹಚ್ಚಿದರೆ ಆಗುವುದು ಅದೇ. ಈಗ ನಾನು 10ರಿಂದ 15ರ ನಡುವೆಯೇ ನಿಲ್ಲುತ್ತೇನೆ.

ಎರಡನೆಯ ತಪ್ಪು ಬೆಲೆಯನ್ನು ನಂಬಿದ್ದು. ಮೂರನೆಯ ಬಾಟಲಿಗೆ ನಾನು ಕೊಟ್ಟ ಹಣದಲ್ಲಿ ಸಾಧಾರಣ ಸೀರಮ್‌ಗಳು ಎಂಟೋ ಒಂಬತ್ತೋ ಬರುತ್ತಿದ್ದವು. ಗಾಜಿನ ಬಾಟಲಿ, ಭಾರವಾದ ಮುಚ್ಚಳ, ಒಳಗೆ ಶೇ. 20ರ ಆಮ್ಲ ಎಂಬ ಬರಹ. ಮುಚ್ಚಳ ತೆರೆದ ದಿನವೇ ಅದು ತೆಳು ಚಹಾದ ಬಣ್ಣದಲ್ಲಿತ್ತು. "ಇದರ ಬಣ್ಣವೇ ಹೀಗೆ" ಎಂದು ಮಾರಿದವರು ಹೇಳಿದರು. ಅಷ್ಟು ಹಣ ಕೊಟ್ಟವರಿಗೆ ನಂಬುವುದೇ ಸುಲಭವಾದ್ದರಿಂದ ನಾನೂ ನಂಬಿದೆ. ಹತ್ತು ದಿನಗಳಲ್ಲಿ ಬೆರಳ ತುದಿಗಳು ಕಿತ್ತಳೆ ಬಣ್ಣಕ್ಕೆ ತಿರುಗಿದವು, ದಿಂಬಿನ ಬಿಳಿ ಕವರಿನಲ್ಲಿ ಕೆನ್ನೆಯ ಗುರುತು ಮೂಡಿತು, ಹುಬ್ಬಿನ ಅಂಚಿನಲ್ಲಿ ಬಣ್ಣ ನಿಂತುಬಿಟ್ಟಿತು. ಅಕ್ಕ ಆ ದಿಂಬಿನ ಕವರನ್ನು ಇಂದಿಗೂ ಎಸೆದಿಲ್ಲ. ನಾನು ಹೊಸ ಬಾಟಲಿ ತಂದಾಗಲೆಲ್ಲ ಅದನ್ನು ತಂದು ತೋರಿಸುತ್ತಾಳೆ.

ಆ ಸಿಟ್ಟಿಗೆ ಮನೆಯಲ್ಲೇ ಸೀರಮ್ ಮಾಡಲು ಹೊರಟೆ. ಮೊದಲ ಸಲ ಆಸ್ಕಾರ್ಬಿಕ್ ಆಮ್ಲದ ಪುಡಿಯನ್ನು ನಲ್ಲಿ ನೀರಿನಲ್ಲಿ ಕರಗಿಸಿದ್ದು ನಾಲ್ಕೇ ದಿನಕ್ಕೆ ಹಳದಿಯಾಯಿತು. ನೀರಿನಲ್ಲಿರುವ ತಾಮ್ರ, ಕಬ್ಬಿಣಗಳ ಸೂಕ್ಷ್ಮ ಅಂಶವೇ ಈ ಆಮ್ಲದ ಉತ್ಕರ್ಷಣೆಗೆ, ಅಂದರೆ ಆಮ್ಲಜನಕ ತಾಗಿ ಕೆಡುವುದಕ್ಕೆ, ವೇಗ ಕೊಡಲು ಸಾಕು. ಎರಡನೆಯ ಸಲ ಡಿಸ್ಟಿಲ್ಡ್ ವಾಟರ್ ಬಳಸಿದೆನಾದರೂ, ಗ್ರಾಮ್‌ಗಿಂತ ಕಡಿಮೆಯನ್ನು ತೋರಿಸದ ಅಡುಗೆಮನೆಯ ತಕ್ಕಡಿಯಲ್ಲಿ ಪುಡಿಯನ್ನು ತೂಗಿದೆ. ಹತ್ತು ಮಿಲಿ ದ್ರಾವಣಕ್ಕೆ ಒಂದೂವರೆ ಗ್ರಾಮ್ ಬೇಕಿದ್ದಲ್ಲಿ ಎಷ್ಟು ಬಿದ್ದಿತೋ ದೇವರೇ ಬಲ್ಲ. ಪಿಎಚ್ ಪಟ್ಟಿ 2ರ ಬಣ್ಣ ತೋರಿಸಿತು. ಅದನ್ನು ಏರಿಸಲೆಂದು ಚಿಟಿಕೆ ಅಡುಗೆ ಸೋಡಾ ಹಾಕಿದಾಗ ಬುಸ್ಸೆಂದು ನೊರೆಯೆದ್ದು ಪಿಎಚ್ ಒಮ್ಮೆಲೇ 5ಕ್ಕೆ ಹಾರಿತು. ಉರಿ ಹೋಯಿತು, ಆದರೆ ಆ ಪಿಎಚ್‌ನಲ್ಲಿ ಆಮ್ಲದ ಬಹುಪಾಲು ಚರ್ಮದೊಳಗೆ ಇಳಿಯದ ಲವಣ ರೂಪದಲ್ಲಿರುವುದರಿಂದ ಮುಖಕ್ಕೆ ನೀರು ಬಳಿದುಕೊಂಡಂತೆಯೇ ಆಯಿತು. ತಕ್ಕಡಿ, ಪಟ್ಟಿ, ಪುಡಿಗಳಿಗೆ ಸುರಿದ ಹಣದಲ್ಲಿ ಎರಡು ಒಳ್ಳೆಯ ಸೀರಮ್‌ಗಳು ಬರುತ್ತಿದ್ದವು. ಮನೆಯಲ್ಲಿ ಮಾಡುವ ಹವ್ಯಾಸವನ್ನು ಅಲ್ಲಿಗೇ ಬಿಟ್ಟೆ, ಪುಡಿಯನ್ನು ಮಾತ್ರ ಇಟ್ಟುಕೊಂಡೆ. ಅದೇ ಮುಂದೆ ದಾರಿ ತೋರಿಸಿತು.

ಶಾಲೆಯ ಪ್ರಯೋಗಾಲಯದಲ್ಲಿ ಅಯೋಡಿನ್ ದ್ರಾವಣದ ಕಂದು ಬಣ್ಣವನ್ನು ವಿಟಮಿನ್ ಸಿ ಅಳಿಸುವುದನ್ನು ನೀವೂ ನೋಡಿರುತ್ತೀರಿ. ಗಾಯಕ್ಕೆ ಹಚ್ಚುವ ಶೇ. 10ರ ಪೊವಿಡೋನ್ ಅಯೋಡಿನ್ ಮನೆಯಲ್ಲಿತ್ತು. ಅರ್ಧ ಲೋಟ ಡಿಸ್ಟಿಲ್ಡ್ ವಾಟರ್‌ಗೆ ಸೀರಮ್‌ನ ಒಂದೇ ಹನಿ ಬಿಟ್ಟು, ಅದರ ಮೇಲೆ ಅಯೋಡಿನ್ ಹನಿಗಳನ್ನು ಒಂದೊಂದಾಗಿ ಹಾಕುತ್ತ ಕಲಕಿದೆ. ಹನಿ ಬಿದ್ದಲ್ಲಿ ಕಂದು ಎಳೆಯೊಂದು ಸುರುಳಿಯಾಗಿ ಇಳಿದು, ಕಲಕುತ್ತಿದ್ದಂತೆ ಮಾಯವಾಗಿ ನೀರು ತಿಳಿಯಾಗುತ್ತದೆ. ಎಷ್ಟನೆಯ ಹನಿಗೆ ನೀರು ಹಳದಿಯಾಗಿಯೇ ನಿಲ್ಲುತ್ತದೆಯೋ ಅಲ್ಲಿಗೆ ಸೀರಮ್‌ನಲ್ಲಿದ್ದ ಜೀವಂತ ವಿಟಮಿನ್ ಮುಗಿದಂತೆ. ಕೆಟ್ಟು ಡಿಹೈಡ್ರೋ ರೂಪಕ್ಕೆ ಹೋದ ಭಾಗವು ಅಯೋಡಿನ್ನಿನ ಗೊಡವೆಗೆ ಹೋಗುವುದಿಲ್ಲವಾದ್ದರಿಂದ, ಬಾಟಲಿಯಲ್ಲಿ ಉಳಿದಿರುವುದೆಷ್ಟು ಎಂಬುದಕ್ಕೆ ಇದಕ್ಕಿಂತ ಅಗ್ಗದ ಸಾಕ್ಷಿ ನನಗೆ ಸಿಕ್ಕಿಲ್ಲ.

ಆರಂಭದಲ್ಲಿ ಇಲ್ಲೂ ಎಡವಿದೆ. ಸೀರಮ್‌ಗೆ ಒಂದು ಡ್ರಾಪರ್, ಅಯೋಡಿನ್‌ಗೆ ಇನ್ನೊಂದು ಬಳಸಿದ್ದರಿಂದ ಹನಿಗಳ ಗಾತ್ರದಲ್ಲೇ ಮೂರನೇ ಒಂದು ಭಾಗದಷ್ಟು ವ್ಯತ್ಯಾಸ ಬಂದು ಲೆಕ್ಕವೆಲ್ಲ ತಲೆಕೆಳಗಾಯಿತು. ಒಂದೇ ಡ್ರಾಪರ್ ಅನ್ನು ತೊಳೆದು, ಒಣಗಿಸಿ ಎರಡಕ್ಕೂ ಬಳಸಬೇಕು. ಅಯೋಡಿನ್ನೂ ಹಳತಾಗುತ್ತದೆ, ಆದ್ದರಿಂದ ಪ್ರತಿ ಸಲವೂ ಪುಡಿಯನ್ನು ಆಗಷ್ಟೇ ಕರಗಿಸಿದ ಶೇ. 15ರ ದ್ರಾವಣದ ಜೊತೆಗೆ ಹೋಲಿಸುತ್ತೇನೆ. ಅಂಥ ತಾಜಾ ದ್ರಾವಣದ ಒಂದು ಹನಿ ನನ್ನ ಲೋಟದಲ್ಲಿ ಹೆಚ್ಚು ಕಡಿಮೆ 21 ಹನಿ ಅಯೋಡಿನ್ ನುಂಗುತ್ತದೆ. ಕಾಗದದ ಮೇಲಿನ ಲೆಕ್ಕಕ್ಕೂ ಅದು ಸರಿಹೊಂದುತ್ತದೆ. ಶೇ. 20 ಎಂದು ಬರೆದಿದ್ದ ಆ ದುಬಾರಿ ಬಾಟಲಿ 28-29 ಹನಿ ನುಂಗಬೇಕಿತ್ತು. ತಳದಲ್ಲಿ ಉಳಿದಿದ್ದ ದ್ರವ ಹದಿನೈದಕ್ಕೇ ಕೈಚೆಲ್ಲಿತು.

ಸ್ವಲ್ಪ ತಿಳಿದವರ ಗರ್ವ ನನ್ನನ್ನೂ ಬಿಡಲಿಲ್ಲ. ಐದನೆಯ ಬಾಟಲಿಯ ಸೀರಮ್ ಎರಡನೆಯ ಹನಿಗೇ ಹಳದಿಯಾಗಿ ನಿಂತಾಗ, ಅದರಲ್ಲಿ ವಿಟಮಿನ್ನೇ ಇಲ್ಲ, ಶುದ್ಧ ಮೋಸ ಎಂದು ತೀರ್ಮಾನಿಸಿ ಪೂರ್ತಿ ಚೆಲ್ಲಿಬಿಟ್ಟೆ. ರಸಾಯನಶಾಸ್ತ್ರ ಕಲಿಸುವ ಗೆಳತಿಗೆ ಇದನ್ನು ಹೆಮ್ಮೆಯಿಂದ ಹೇಳಿದಾಗ ಅವಳು ಖಾಲಿ ಡಬ್ಬಿಯನ್ನು ತಿರುಗಿಸಿ ಓದಿ, "ಇದು ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್ ಕಣೇ. ಅಯೋಡಿನ್ ಜೊತೆ ವರ್ತಿಸುವ ಜಾಗದಲ್ಲೇ ಫಾಸ್ಫೇಟ್ ಕೂತಿದೆ, ಬಣ್ಣ ಹೇಗೆ ಹೋಗುತ್ತೆ?" ಎಂದಳು. ವಿಟಮಿನ್ ಸಿಯನ್ನು ಫಾಸ್ಫೇಟ್, ಗ್ಲುಕೋಸ್ ಮುಂತಾದವುಗಳ ಜೊತೆ ಕಟ್ಟಿದ ರೂಪಗಳಿಗೆ ಈ ಪರೀಕ್ಷೆ ಅನ್ವಯಿಸುವುದೇ ಇಲ್ಲ. ಸಂರಕ್ಷಕವಾಗಿ ಸಲ್ಫೈಟ್ ಹಾಕಿದ್ದರೆ ಅದೂ ಅಯೋಡಿನ್ ನುಂಗುವುದರಿಂದ ಲೆಕ್ಕ ಸುಳ್ಳಾಗಿ ಏರುತ್ತದೆ. ಇಂದಿಗೂ ಪರೀಕ್ಷೆಗೆ ಮೊದಲು ಡಬ್ಬಿಯ ಹಿಂಬದಿಯನ್ನು ಎರಡು ಸಲ ಓದುತ್ತೇನೆ.

ಹನಿಗಳನ್ನು ಎಣಿಸುವ ಅಭ್ಯಾಸ ಬಂದ ಮೇಲೆಯೇ ಮುಖ್ಯ ದೋಷ ಕಣ್ಣಿಗೆ ಬಿದ್ದದ್ದು. ಒಂದು ಮಿಲಿಗೆ ಇಪ್ಪತ್ತರ ಆಸುಪಾಸು ಹನಿಗಳು ಎಂದಿಟ್ಟುಕೊಳ್ಳಿ. ಮುಖ, ಕುತ್ತಿಗೆ ಎರಡಕ್ಕೂ ಐದು ಹನಿ ಸಾಕು. ಅಂದರೆ ಕಾಲು ಮಿಲಿ. ಮೂವತ್ತು ಮಿಲಿಯ ಬಾಟಲಿಯನ್ನು ದಿನಕ್ಕೊಮ್ಮೆ ಹಚ್ಚಿದರೆ ನಾಲ್ಕು ತಿಂಗಳು ಬರುತ್ತದೆ. ಆದರೆ ಡ್ರಾಪರ್ ಬಾಟಲಿಯನ್ನು ಸ್ನಾನದ ಮನೆಯ ಕಪಾಟಿನಲ್ಲಿಟ್ಟು ಎಣಿಸಿದಾಗ, ಶೇ. 15ರ ಸೀರಮ್ ಒಂದೇ ತಿಂಗಳಿಗೆ 20ರಿಂದ 11 ಹನಿಗೆ ಇಳಿದಿತ್ತು. ಅದೇ ಸೀರಮ್‌ನ ಇನ್ನೊಂದು ಬಾಟಲಿ ಫ್ರಿಜ್‌ನಲ್ಲಿ ಅಷ್ಟೇ ದಿನಕ್ಕೆ 18ರಲ್ಲಿತ್ತು. ನಾನು ಎರಡು ವರ್ಷ ಹಚ್ಚಿಕೊಂಡದ್ದರಲ್ಲಿ ಬಹುಪಾಲು ಸತ್ತ ಸೀರಮ್ಮೇ ಆಗಿತ್ತು. ಯಾವ ಕಂಪನಿಯದು, ಎಷ್ಟು ಶೇಕಡಾ ಎಂದು ತಲೆ ಕೆಡಿಸಿಕೊಂಡಿದ್ದ ನಾನು, ಬಾಟಲಿ ಎಷ್ಟು ದೊಡ್ಡದು, ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಏಳನೆಯ ಬಾಟಲಿಯನ್ನು ಆ ಲೆಕ್ಕದಿಂದಲೇ ಆರಿಸಿದೆ: ಶೇ. 15ರ ಎಲ್-ಆಸ್ಕಾರ್ಬಿಕ್ ಆ್ಯಸಿಡ್, ಜೊತೆಗೆ ಶೇ. 1ರ ವಿಟಮಿನ್ ಇ ಮತ್ತು ಶೇ. 0.5ರ ಫೆರುಲಿಕ್ ಆ್ಯಸಿಡ್, ಹದಿನೈದು ಮಿಲಿ, ತಯಾರಾಗಿ ಮೂರು ತಿಂಗಳೊಳಗಿನದು, ಬೆಳಕು ತೂರದ, ಗಾಳಿ ಒಳಹೋಗದ ಏರ್‌ಲೆಸ್ ಪಂಪ್. ಈ ಮೂರರ ಮಿಶ್ರಣ ನನ್ನ ಕಲ್ಪನೆಯಲ್ಲ. ಫೆರುಲಿಕ್ ಆಮ್ಲವು ಉಳಿದೆರಡನ್ನೂ ಸ್ಥಿರವಾಗಿಡುವುದಲ್ಲದೆ ಬಿಸಿಲಿನ ಹಾನಿಯ ವಿರುದ್ಧದ ರಕ್ಷಣೆಯನ್ನು ಇಮ್ಮಡಿ ಮಾಡುತ್ತದೆಂದು ಪಿನೆಲ್ ಅವರ ತಂಡವೇ 2005ರಲ್ಲಿ ತೋರಿಸಿತ್ತು. ಫೆರುಲಿಕ್ ಇರುವ ಸೀರಮ್ ಮೊದಲ ದಿನವೇ ತೆಳು ಹುಲ್ಲಿನ ಬಣ್ಣದಲ್ಲಿರಬಹುದು, ಅದಕ್ಕೆ ಗಾಬರಿಯಾಗಬೇಕಿಲ್ಲ. ಆದರೆ ಕೆಲವರು ಸೀರಮ್‌ಗೆ ಕಿತ್ತಳೆ ಬಣ್ಣವನ್ನೇ ಬೆರೆಸಿ ಮಾರುತ್ತಾರೆ. ಕೆಟ್ಟದ್ದೂ ಒಳ್ಳೆಯದ್ದೂ ಒಂದೇ ಥರ ಕಾಣುವ ಅಂಥ ಬಾಟಲಿಯನ್ನು ನಾನು ಮುಟ್ಟುವುದಿಲ್ಲ.

ಮಿಲಿ ಲೆಕ್ಕದಲ್ಲಿ ನೋಡಿದರೆ ಚಿಕ್ಕ ಬಾಟಲಿಯೇ ದುಬಾರಿ. ಬಹುಶಃ ಕಾಲು ಭಾಗದಷ್ಟು ಹೆಚ್ಚು ಬೀಳುತ್ತದೆ. ಅದನ್ನು ಸರಿದೂಗಿಸಲು ಅಕ್ಕನನ್ನೇ ಪಾಲುದಾರಳನ್ನಾಗಿ ಮಾಡಿಕೊಂಡೆ. ಇಬ್ಬರೂ ದಿನಕ್ಕೊಮ್ಮೆ, ಬೆಳಿಗ್ಗೆ ಮಾತ್ರ ಹಚ್ಚಿದರೆ ಹದಿನೈದು ಮಿಲಿ ಸರಿಯಾಗಿ ಒಂದು ತಿಂಗಳಿಗೆ ಮುಗಿಯುತ್ತದೆ. ಮೊದಲು ನಾನು ದಿನಕ್ಕೆರಡು ಸಲ ಹಚ್ಚುತ್ತಿದ್ದೆ. ಮೂರು ದಿನ ಹಚ್ಚಿದರೆ ಚರ್ಮ ತುಂಬಿಕೊಳ್ಳುತ್ತದೆ, ಒಳಗಿಳಿದ ವಿಟಮಿನ್ ಅರ್ಧಕ್ಕಿಳಿಯಲು ನಾಲ್ಕು ದಿನ ಬೇಕು ಎಂಬುದು ಅದೇ 2001ರ ಅಧ್ಯಯನದಲ್ಲಿತ್ತು. ಅದನ್ನು ಓದಿದ ಮೇಲೆ ರಾತ್ರಿಯ ಪಾಳಿಯನ್ನು ನಿಲ್ಲಿಸಿದೆ. ಒಂದು ತಿಂಗಳು ದಿನ ಬಿಟ್ಟು ದಿನ ಹಚ್ಚಿಯೂ ನೋಡಿದೆ. ನನ್ನ ಕಣ್ಣಿಗೆ ವ್ಯತ್ಯಾಸ ಕಾಣಲಿಲ್ಲ, ಆದರೆ ಬಾಟಲಿ ಮುಗಿಯದೆ ಮತ್ತೆ ಹಳೆಯ ಕಥೆಯೇ ಆಗುವುದರಿಂದ ಬಿಟ್ಟೆ.

ಫಲಿತಾಂಶದ ವಿಷಯದಲ್ಲಿ ನಾನು ಕನ್ನಡಿಯನ್ನು ನಂಬಲಿಲ್ಲ. ಎಡಗೆನ್ನೆಗೆ ಸೀರಮ್, ಮಾಯಿಶ್ಚರೈಸರ್, ಸನ್‌ಸ್ಕ್ರೀನ್. ಬಲಗೆನ್ನೆಗೆ ಸೀರಮ್ ಬಿಟ್ಟು ಉಳಿದೆರಡು. ಪ್ರತಿ ಭಾನುವಾರ ಅದೇ ಕಿಟಕಿಯ ಪಕ್ಕ, ಅದೇ ಹೊತ್ತಿಗೆ, ಫೋನಿನ ಫಿಲ್ಟರ್‌ಗಳನ್ನೆಲ್ಲ ತೆಗೆದುಹಾಕಿ ಒಂದೊಂದು ಫೋಟೋ ತೆಗೆದೆ. ಎಂಟನೆಯ ವಾರಕ್ಕೆ ಎರಡೂ ಕೆನ್ನೆಗಳ ಕಲೆಗಳು ತಿಳಿಯಾಗಿದ್ದವು, ಅಂದರೆ ಕೆಲಸವೆಲ್ಲ ಸನ್‌ಸ್ಕ್ರೀನ್‌ನದ್ದೇ! ಅಕ್ಕನ ಮುಖದಲ್ಲಿ ಅಂದು ಮೂಡಿದ ಹೊಳಪು ಯಾವ ಸೀರಮ್‌ನಿಂದಲೂ ಬರುವಂಥದ್ದಲ್ಲ. ಆದರೂ ನಿಲ್ಲಿಸಲಿಲ್ಲ. ಹನ್ನೆರಡನೆಯ ವಾರದಿಂದ ಎಡಗೆನ್ನೆ ಮುಂದೆ ಹೋಯಿತು. ಹದಿನಾಲ್ಕನೆಯ ವಾರದ ಫೋಟೋಗಳನ್ನು ಗೆಳತಿಗೆ ಯಾವುದು ಯಾವ ಕೆನ್ನೆ ಎಂದು ಹೇಳದೆ ತೋರಿಸಿದಾಗ ಅವಳು ತಡವರಿಸದೆ ಎಡಗೆನ್ನೆಯನ್ನೇ ಆರಿಸಿದಳು. ಮೊಡವೆ ಕೊರೆದ ಕುಳಿಗಳು ಮಾತ್ರ ಇದ್ದಂತೆಯೇ ಇವೆ, ಅವು ಸೀರಮ್‌ನಿಂದ ತುಂಬುವುದಿಲ್ಲ. ಅಕ್ಕನ ಕೆನ್ನೆಯ ಮೇಲಿನ ಬಂಗು ಸಹ ಇದಕ್ಕೆ ಜಗ್ಗಲಿಲ್ಲ. ಅದಕ್ಕೆ ಅವಳು ಚರ್ಮತಜ್ಞರ ಬಳಿಯೇ ಚಿಕಿತ್ಸೆ ಪಡೆಯುತ್ತಿದ್ದಾಳೆ.

ವಿಟಮಿನ್ ಬಿ3ರ ಒಂದು ರೂಪವಾದ ನಯಾಸಿನಮೈಡ್ ಜೊತೆಗೆ ಹಚ್ಚಬಾರದೆಂಬ ಮಾತನ್ನು ಪರೀಕ್ಷಿಸಲು ಎರಡು ವಾರ ಒಂದರ ಮೇಲೊಂದು ಹಚ್ಚಿದೆ, ಏನೂ ಆಗಲಿಲ್ಲ. ಮೊಡವೆಗೆ ಹಚ್ಚುವ ಬೆನ್ಜೋಯ್ಲ್ ಪೆರಾಕ್ಸೈಡ್ ಮಾತ್ರ ಬೇರೆ ಮಾತು. ಅದು ಉತ್ಕರ್ಷಕವಾದ್ದರಿಂದ ಸೀರಮ್ಮನ್ನು ಮುಖದ ಮೇಲೆಯೇ ಕೆಡಿಸುತ್ತದೆ. ಅದನ್ನು ರಾತ್ರಿಗೆ ಸರಿಸಿದ್ದೇನೆ. ಸಿಲಿಕೋನ್‌ನಲ್ಲಿ ಪುಡಿ ಕಲಸಿದ ನೀರಿಲ್ಲದ ಬಗೆಯನ್ನೂ ನೋಡಿದೆ; ಕೆಡುವುದು ನಿಧಾನ ನಿಜ, ಆದರೆ ಮರಳು ಉಜ್ಜಿದಂತಾಗುತ್ತದೆ.

ಪಂಪ್ ಸಿಗದೆ ಡ್ರಾಪರ್ ಬಾಟಲಿಯನ್ನೇ ಕೊಳ್ಳಬೇಕಾಗಿ ಬಂದಾಗ ಅದರೊಳಗಿನ ಗಾಳಿಯನ್ನು ಹೊರದಬ್ಬಲು ನಾನೊಂದು ಉಪಾಯ ಮಾಡಿಕೊಂಡಿದ್ದೇನೆ. ಐದನೆಯ ವಾರದಲ್ಲೂ 17 ಹನಿ ಬರುತ್ತಿರುವುದು ಅದರಿಂದಲೇ. ಅದನ್ನು ಗೆಳತಿಗೂ ಹೇಳಿಲ್ಲ, ಇಲ್ಲೂ ಬರೆಯುವುದಿಲ್ಲ. ಅಡುಗೆಮನೆಯಲ್ಲಿ ಇರುವ ವಸ್ತುವಿನಿಂದಲೇ ಆಗುತ್ತದೆ ಎಂದಷ್ಟೇ ಹೇಳಬಲ್ಲೆ.

ಈಗ ನಡೆಯುತ್ತಿರುವುದು ಹನ್ನೊಂದನೆಯ ಬಾಟಲಿ. ನಿನ್ನೆಗೆ ಇಪ್ಪತ್ತಾರು ದಿನವಾಯಿತು, ಅಯೋಡಿನ್ 18 ಹನಿಗೆ ನಿಂತಿತು. ಲೋಟ ಹಿಡಿದು ಹನಿ ಎಣಿಸಿದವಳು ಅಕ್ಕ.