ಹಾಲಿನ ಕವರು, ಒಡೆದ ಲೋಟ ಮತ್ತು ನಮ್ಮ ಒಣ ಕಸದ ಚೀಲ

ಬೆಂಗಳೂರಿನಲ್ಲಿ ಕಸ ಬೇರೆ ಮಾಡಿ ಕೊಡುವುದು ಕಡ್ಡಾಯವಾಗಿದ್ದು 2012ರ ಅಕ್ಟೋಬರ್‌ನಲ್ಲಿ. ಎರಡು ಬುಟ್ಟಿ, ಒಂದು ಚೀಲ ಇಡಲೇಬೇಕು ಅಂತ ಹೈಕೋರ್ಟ್ ಹೇಳಿದ್ದು 2015ರ ಡಿಸೆಂಬರಿನಲ್ಲಿ. ಆಗಿನಿಂದ ನಮ್ಮ ಮನೆಯಲ್ಲೂ ಇಟ್ಟಿದ್ದೇವೆ. ಹಸಿರು ಬುಟ್ಟಿಗೆ ಹಸಿ ಕಸ. ಕೆಂಪು ಬುಟ್ಟಿಗೆ ಪ್ಯಾಡು, ಬ್ಯಾಂಡೇಜು, ಕೂದಲು, ಗುಡಿಸಿದ ಧೂಳು. ಉಳಿದದ್ದು ಚೀಲಕ್ಕೆ. ಸರಿಯಾಗಿಯೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಒಂದು ಬೆಳಿಗ್ಗೆ ಒಣ ಕಸದ ಚೀಲ ಕೊಟ್ಟೆ. ಗಾಡಿಯ ಜೊತೆ ಬರುವ ಅಕ್ಕ ಅದನ್ನು ಒಳಗೆ ಹಾಕುವ ಮೊದಲು ಕೈಯಲ್ಲಿ ಒತ್ತಿ ನೋಡಿದರು. ಒಳಗೆ ಹಿಂದಿನ ದಿನ ನನ್ನ ಕೈಜಾರಿ ಒಡೆದ ಗಾಜಿನ ಲೋಟದ ಚೂರುಗಳಿದ್ದವು. ಬೆರಳು ಕುಯ್ದು ರಕ್ತ ಬಂತು. ಅವರು ನನ್ನನ್ನು ಬೈಯಲಿಲ್ಲ. ನಾನು ತಂದುಕೊಟ್ಟ ಅರಿಶಿನ ಹಚ್ಚಿಕೊಂಡು, 'ಮುಂದಿನ ಸಲ ಪೇಪರಿನಲ್ಲಿ ಸುತ್ತಿ, ಬೇರೆ ಕೊಡಿ' ಎಂದಷ್ಟೇ ಹೇಳಿ ಮುಂದಿನ ಮನೆಗೆ ಹೋದರು. ನನಗೆ ಅವತ್ತು ತಿಂಡಿ ಸೇರಲಿಲ್ಲ. ಆ ಚೀಲವನ್ನು ಯಾರೋ ಕೈಯಿಂದ ಬಿಚ್ಚುತ್ತಾರೆ ಎಂದು ನಾನು ಅದುವರೆಗೆ ಯೋಚಿಸಿಯೇ ಇರಲಿಲ್ಲ.

ಆ ಶನಿವಾರ ನಮ್ಮ ವಾರ್ಡಿನ ಒಣ ಕಸ ಕೇಂದ್ರಕ್ಕೆ ಹೋದೆ. ತಗಡಿನ ಶೆಡ್ಡು, ಒಳಗೆ ಆಳೆತ್ತರದ ರಾಶಿ. ನಾಲ್ಕೈದು ಹೆಂಗಸರು ಕೂತು ಬೇರೆ ಮಾಡುತ್ತಿದ್ದರು. ಅದರಲ್ಲಿ ಇಬ್ಬರು ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದವರು. ಅವರ ಕೆಲಸ ನೋಡಿ ಬೆರಗಾದೆ. ಕವರನ್ನು ಹಿಸುಕಿ, ಸದ್ದು ಕೇಳಿಯೇ ಅದು ಯಾವ ಪ್ಲಾಸ್ಟಿಕ್ ಎಂದು ಹೇಳುತ್ತಾರೆ. ನಾವು 'ಪ್ಲಾಸ್ಟಿಕ್' ಎಂಬ ಒಂದೇ ಪದ ಬಳಸುವ ಕಡೆ ಅಲ್ಲಿ ಎಷ್ಟೊಂದು ಗುಡ್ಡೆ! ನೀರಿನ ಬಾಟಲಿ ಒಂದು ಕಡೆ, ಶಾಂಪೂ ಡಬ್ಬ ಇನ್ನೊಂದು ಕಡೆ, ಹಾಲಿನ ಕವರು ಬೇರೆ, ಮದುವೆ ಮನೆಯ ತೆಳು ಲೋಟ ಬೇರೆ. ಪೇಪರಿನಲ್ಲೂ ಹಾಗೆಯೇ. ನ್ಯೂಸ್ ಪೇಪರು, ಬಿಳಿ ಹಾಳೆ, ರಟ್ಟು, ಮೂರಕ್ಕೂ ಬೇರೆ ಬೇರೆ ಬೆಲೆ.

ಒಂದು ಮೂಲೆಯಲ್ಲಿ ಮುಗ್ಗಲು ವಾಸನೆ ಬರುತ್ತಿದ್ದ ರಾಶಿ ಇತ್ತು. ಸಾಂಬಾರು ಮೆತ್ತಿದ ಪಾರ್ಸೆಲ್ ಡಬ್ಬ, ಮೊಸರು ಉಳಿದ ಕವರು, ಅದರ ಜೊತೆ ಸೇರಿ ಒದ್ದೆಯಾದ ಪೇಪರು. 'ಇದನ್ನ ಯಾರೂ ತಗೊಳಲ್ಲ' ಎಂದರು. ನಮ್ಮ ಮನೆಯ ಚೀಲದಲ್ಲೂ ಅದೇ ಇರುತ್ತಿತ್ತಲ್ವಾ! ನಾನು ಬೇರೆ ಮಾಡಿ ಕೊಟ್ಟ ಒಳ್ಳೆಯ ಪೇಪರನ್ನು ನಾನೇ ತೊಳೆಯದೆ ಹಾಕಿದ ಮೊಸರಿನ ಕವರು ಹಾಳು ಮಾಡುತ್ತಿತ್ತು.

ಮನೆಗೆ ಬಂದು ಮೊದಲು ಬದಲಾಯಿಸಿದ್ದು ಹಾಲಿನ ಕವರಿನ ವಿಷಯ. ನಮಗೆ ದಿನಕ್ಕೆ ಅರ್ಧ ಲೀಟರಿನ ಎರಡು ಪ್ಯಾಕೆಟ್ ನಂದಿನಿ ಬೇಕು, ಅಂದರೆ ತಿಂಗಳಿಗೆ 60 ಕವರು. ಮೊದಲೆಲ್ಲ ಮೂಲೆಯನ್ನು ಪೂರ್ತಿ ಕತ್ತರಿಸುತ್ತಿದ್ದೆ. ಆ ಉಗುರಿನಷ್ಟು ಚೂರು ಸಿಂಕಿಗೋ ಹಸಿ ಕಸಕ್ಕೋ ಸೇರುತ್ತಿತ್ತು. ಗೊಬ್ಬರದಲ್ಲಿ ಅದು ಕರಗುವುದಿಲ್ಲ, ಸುಮ್ನೆ ಹಾಗೇ ಕೂತಿರುತ್ತದೆ. ಈಗ ಕತ್ತರಿಯನ್ನು ಮುಕ್ಕಾಲು ಭಾಗಕ್ಕೆ ನಿಲ್ಲಿಸುತ್ತೇನೆ. ಚೂರು ಕವರಿಗೇ ಅಂಟಿಕೊಂಡಿರುತ್ತದೆ. ಹಾಲು ಸುರಿದ ಮೇಲೆ ಕವರಿಗೆ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ, ಆ ನೀರನ್ನು ಗಿಡಕ್ಕೆ ಹಾಕುತ್ತೇನೆ. ಕವರನ್ನು ಬಟ್ಟೆ ಕ್ಲಿಪ್ಪಿನಿಂದ ಬಾಲ್ಕನಿಯ ತಂತಿಗೆ ಸಿಕ್ಕಿಸಿದರೆ ಮಧ್ಯಾಹ್ನದೊಳಗೆ ಒಣಗುತ್ತದೆ. ಸೋಪು ಬೇಡ. ಪಾರ್ಸೆಲ್ ಡಬ್ಬಕ್ಕೂ ಪಾತ್ರೆ ತೊಳೆದ ನೀರೇ ಸಾಕು.

ಪೇಪರ್ ಕಪ್ಪನ್ನು ಪೇಪರಿನ ಜೊತೆ ಹಾಕುವುದನ್ನು ಬಿಟ್ಟೆ. ಅದರ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಎಣ್ಣೆ ಕುಡಿದ ಪಿಜ್ಜಾ ಡಬ್ಬವನ್ನು ಹರಿದು, ಚೊಕ್ಕಟವಾದ ಮುಚ್ಚಳ ಒಣ ಕಸಕ್ಕೆ, ಎಣ್ಣೆಯ ತಳ ಹಸಿ ಕಸಕ್ಕೆ ಹಾಕುತ್ತೇನೆ. ಚಿಪ್ಸ್ ಪ್ಯಾಕೆಟ್ ವಿಷಯದಲ್ಲಿ ನನಗೆ ಸಮಾಧಾನ ಇಲ್ಲ. ಪ್ಲಾಸ್ಟಿಕ್ಕು, ಅಲ್ಯೂಮಿನಿಯಂ ಪದರ ಎರಡೂ ಅಂಟಿಕೊಂಡಿರುವುದರಿಂದ ಅದನ್ನು ಕೊಳ್ಳುವವರಿಲ್ಲ. ಹೆಚ್ಚೆಂದರೆ ಸಿಮೆಂಟ್ ಕಾರ್ಖಾನೆಯ ಒಲೆಗೆ ಹೋಗುತ್ತದೆ. ಒಣ ಕಸಕ್ಕೇ ಹಾಕುತ್ತೇನೆ, ಆದರೆ ಮನೆಗೆ ತರುವುದನ್ನೇ ಕಡಿಮೆ ಮಾಡಿದ್ದೇವೆ.

ಪ್ಯಾಡು, ಡೈಪರುಗಳನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಚುಕ್ಕೆ ಇಡುತ್ತೇವೆ. ಬಿಚ್ಚದೆಯೇ ಅವರಿಗೆ ಗೊತ್ತಾಗಬೇಕು. ನಮ್ಮತ್ತೆ ಮೊದಲು 'ಗಂಡಸರ ಕಣ್ಣಿಗೆ ಬೀಳುತ್ತೆ' ಎಂದು ಒಪ್ಪಲಿಲ್ಲ. ಅಕ್ಕನ ಬೆರಳಿನ ಕಥೆ ಹೇಳಿದೆ. ಮಾರನೇ ದಿನ ಅವರೇ ಕೆಂಪು ಸ್ಕೆಚ್ ಪೆನ್ನನ್ನು ದಾರ ಕಟ್ಟಿ ಬಚ್ಚಲಿನ ಪಕ್ಕ ನೇತು ಹಾಕಿದ್ದರು.

ಹಸಿ ಕಸಕ್ಕೆ ತಾರಸಿಯಲ್ಲಿ ಮಡಕೆ ಇಟ್ಟಿದ್ದೇನೆ. ಒಂದು ಪದರ ತರಕಾರಿ ಸಿಪ್ಪೆ, ಒಂದು ಪದರ ಒಣಗಿದ ಎಲೆ, ವಾರಕ್ಕೊಮ್ಮೆ ಹುಳಿ ಮಜ್ಜಿಗೆ. ವಾಸನೆ ಬಂದರೆ ನೀರು ಜಾಸ್ತಿಯಾಗಿದೆ ಎಂದರ್ಥ, ಇನ್ನಷ್ಟು ಎಲೆ ಹಾಕಬೇಕು. ತೆಂಗಿನ ಚಿಪ್ಪು ಬೇಗ ಕೊಳೆಯುವುದಿಲ್ಲ, ಅದನ್ನು ಬೇರೆ ಕೂಡಿಟ್ಟು ಗಾಡಿಗೆ ಕೊಡುತ್ತೇನೆ.

ಇಷ್ಟೆಲ್ಲ ಯಾಕೆ ಎಂದು ಕೆಳಗಿನ ಮನೆಯವರು ಕೇಳುತ್ತಾರೆ. ನಾನು ಮಂಡೂರಿನ ಮಾತು ಹೇಳುತ್ತೇನೆ. ನಾವು ಬೇರೆ ಮಾಡದೆ ಎಸೆದ ಕಸ ಲಾರಿಗಟ್ಟಲೆ ಆ ಊರಿಗೆ ಹೋಗಿ ಬೀಳುತ್ತಿತ್ತು. ಅಲ್ಲಿನ ಜನ ರಸ್ತೆಗಿಳಿದ ಮೇಲೆ 2014ರ ಕೊನೆಯಲ್ಲಿ ಅದು ನಿಂತಿತು. ಅದಕ್ಕೂ ಮೊದಲು ಮಾವಳ್ಳಿಪುರದಲ್ಲಿ ನಡೆದಿದ್ದೂ ಇದೇ. ಆ ಊರಿನವರು ಕುಡಿಯುವ ನೀರಿಗೆ ಹೆದರಿ ಬದುಕಿದ್ದು ನಮ್ಮ ಅಡುಗೆಮನೆಯ ಕಸದಿಂದ.

ಈಗ ನಮ್ಮ ಕೆಂಪು ಬುಟ್ಟಿಯ ಕಸ ವಾರಕ್ಕೆ ಒಂದು ಸಣ್ಣ ಪೊಟ್ಟಣ. ಒಡೆದ ಗಾಜು ಇದ್ದರೆ ದಪ್ಪ ರಟ್ಟಿನ ಡಬ್ಬದಲ್ಲಿಟ್ಟು, ಟೇಪು ಸುತ್ತಿ, ಮೇಲೆ ದೊಡ್ಡದಾಗಿ 'ಗಾಜು' ಎಂದು ಬರೆದು ಅಕ್ಕನ ಕೈಗೇ ಕೊಡುತ್ತೇನೆ. ಕೆಟ್ಟುಹೋದ ಟ್ಯೂಬ್‌ಲೈಟ್ ಒಂದು ಬಾಗಿಲ ಹಿಂದೆ ನಿಂತಿದೆ. ಅದರಲ್ಲಿ ಪಾದರಸ ಇರುತ್ತದೆ, ಒಡೆಯಬಾರದು. ಹಳೆಯ ಬ್ಯಾಟರಿಗಳ ಜೊತೆ ಅದನ್ನು ಈ ಶನಿವಾರ ಕೇಂದ್ರಕ್ಕೆ ಒಯ್ಯಬೇಕು.