ಮೊದಲ ಕಿಲೋಮೀಟರಿನ ದುರಾಸೆ

14ನೇ ಕಿಲೋಮೀಟರಿನ ಬೋರ್ಡ್ ಹತ್ತಿರ ನನ್ನ ಮೀನಖಂಡ ಹಿಡಿದುಕೊಂಡಿತು. ಅಲ್ಲಿಂದ ಮುಂದಿನ 7 ಕಿಲೋಮೀಟರ್ ಕಾಲು ಎಳೆದುಕೊಂಡೇ ಹೋದೆ. ನನ್ನ ಮೊದಲ ಹಾಫ್ ಮ್ಯಾರಥಾನ್ ಮುಗಿದಿದ್ದು 2 ಗಂಟೆ 39 ನಿಮಿಷಕ್ಕೆ.

ಆ ದಿನ ಮೊದಲ 5 ಕಿಲೋಮೀಟರನ್ನು ಇಪ್ಪತ್ತೇಳೂವರೆ ನಿಮಿಷದಲ್ಲಿ ಓಡಿದ್ದೆ. ಡೋಲು, ಚಪ್ಪಾಳೆ, ಪಕ್ಕದಲ್ಲಿ ಹುಡುಗರ ಗುಂಪು. ಕಾಲು ಹಗುರ ಅನ್ನಿಸಿತ್ತು. ಮೈಯಲ್ಲಿ ಇಂಧನವಾಗಿ ಕೂಡಿಟ್ಟ ಗ್ಲೈಕೋಜನ್‌ಗೆ ಒಂದು ಮಿತಿ ಇದೆ, ಜೋರಾಗಿ ಓಡಿದಷ್ಟೂ ಅದು ಬೇಗ ಕರಗುತ್ತದೆ ಅಂತ ಓದಿದ್ದೆ. ಓದಿದ್ದು ಚಪ್ಪಾಳೆ ಮುಂದೆ ಎಲ್ಲಿ ನೆನಪಾಗುತ್ತೆ!

ಮೈಸೂರಿಗೆ ವಾಪಸ್ ಬಂದು ಕುಕ್ಕರಹಳ್ಳಿ ಕೆರೆ ಸುತ್ತ ನಿಧಾನ ಓಡುವುದನ್ನು ಕಲಿಯಲು ಹೊರಟೆ. ಹೌದು, ಅದನ್ನೂ ಕಲಿಯಬೇಕು. ಮಾತಾಡುತ್ತಾ ಓಡಲು ಆಗುವಷ್ಟು ನಿಧಾನ ಇರಲಿ ಅಂತ ಹಳಬರು ಹೇಳುತ್ತಿದ್ದರು. ನಾನು ಓಡುವುದು ಒಬ್ಬನೇ, ಯಾರ ಹತ್ತಿರ ಮಾತಾಡಲಿ? ಹದಿನೇಳರ ಮಗ್ಗಿ ಹೇಳಲು ಶುರು ಮಾಡಿದೆ. ಹದಿನೇಳೈದ್ಲಿ ಎಂಬತ್ತೈದು ಬರುವ ಮೊದಲೇ ಏದುಸಿರು ಬಂದರೆ ವೇಗ ಜಾಸ್ತಿ ಆಯ್ತು ಅಂತ ಲೆಕ್ಕ. ಮೊದಲ ವಾರ ಎಷ್ಟು ನಿಧಾನ ಓಡಿದೆ ಅಂದರೆ, ಸ್ವೆಟರ್ ಹಾಕಿದ ಅಜ್ಜ ಒಬ್ಬರು ಬಿರುಸಾಗಿ ನಡೆಯುತ್ತಲೇ ನನ್ನನ್ನು ದಾಟಿ ಹೋದರು. ತಿರುಗಿ ನೋಡಿ ನಕ್ಕರು ಬೇರೆ. ನಾಚಿಕೆ ತಡೆದುಕೊಳ್ಳುವುದೇ ನನಗೆ ಎಲ್ಲಕ್ಕಿಂತ ಕಷ್ಟದ ಅಭ್ಯಾಸವಾಗಿತ್ತು.

ಆಮೇಲೆ ಇಯರ್‌ಫೋನ್ ಮನೆಯಲ್ಲೇ ಬಿಟ್ಟೆ. ಆಗ ಗೊತ್ತಾಯಿತು, ನನ್ನ ಬಲಗಾಲು ನೆಲಕ್ಕೆ ಪಟ್ ಅಂತ ಬಡಿಯುತ್ತಿದೆ, ಎಡಗಾಲು ಸದ್ದೇ ಮಾಡುತ್ತಿಲ್ಲ. ನೋಯುತ್ತಿದ್ದದ್ದೂ ಬಲಮಂಡಿಯೇ. ಹೆಜ್ಜೆ ಚಿಕ್ಕದು ಮಾಡಿದೆ, ಸದ್ದು ಕಡಿಮೆಯಾಯಿತು. ಏರಿ ಮೇಲೆ ಅಷ್ಟು ದಿನ ಓಡಿದ್ದರೂ ಹೆಜ್ಜಾರ್ಲೆಗಳು (ಪೆಲಿಕನ್ ಹಕ್ಕಿಗಳು) ನೀರಿಗೆ ಇಳಿಯುವಾಗ ಕಾಲು ಮುಂದೆ ಚಾಚಿ ಬ್ರೇಕ್ ಹಾಕುತ್ತವೆ ಅನ್ನುವುದನ್ನು ನಾನು ನೋಡೇ ಇರಲಿಲ್ಲ.

2019ರಲ್ಲಿ ವಿಯೆನ್ನಾದಲ್ಲಿ ಕೀನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ 42.195 ಕಿಲೋಮೀಟರನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದಾಗ ಪ್ರತಿ ಕಿಲೋಮೀಟರಿಗೂ ಹಿಡಿದದ್ದು 2 ನಿಮಿಷ 50 ಸೆಕೆಂಡಿನ ಆಸುಪಾಸು. ಎರಡು ಸೆಕೆಂಡು ಆಚೆ, ಎರಡು ಸೆಕೆಂಡು ಈಚೆ. ನನ್ನನ್ನು ಬೆರಗಾಗಿಸುವುದು ಅವರ ವೇಗಕ್ಕಿಂತ ಈ ಸಮಗತಿ.

ಇದೆಲ್ಲ ಮನೆಗೂ ಬಂತು, ನಾನು ಕರೆಯದೇ. ಅಮ್ಮನಿಗೆ ಈಗ ಮಾತು ನಿಧಾನ. ಒಂದು ಹೆಸರಿಗಾಗಿ ಹುಡುಕುತ್ತಾ ನಿಂತುಬಿಡುತ್ತಾರೆ. ಮೊದಲೆಲ್ಲಾ ನಾನೇ ಆ ಹೆಸರು ಹೇಳಿ ವಾಕ್ಯ ಮುಗಿಸುತ್ತಿದ್ದೆ. ಒಂದು ದಿನ ಸುಮ್ನೆ ಕಾದೆ. ಅವರು ಹೇಳಿದ ಹೆಸರು ನಾನು ಅಂದುಕೊಂಡದ್ದೇ ಅಲ್ಲ! ಎಷ್ಟು ವರ್ಷ ಅವರ ಬಾಯಲ್ಲಿ ನನ್ನ ಕಥೆ ಹೇಳಿಸಿದ್ದೆನೋ. ಆಫೀಸಿನಲ್ಲಿ ಮಾತ್ರ ಈ ಬುದ್ಧಿ ಇನ್ನೂ ಬಂದಿಲ್ಲ. ಮಾರ್ಚ್ ತಿಂಗಳಲ್ಲಿ ಈಗಲೂ ಮೊದಲ ವಾರವೇ ಸುಸ್ತು.

ಎರಡನೇ ಹಾಫ್ ಮ್ಯಾರಥಾನ್‌ನಲ್ಲಿ ಮೊದಲ ಕಿಲೋಮೀಟರಿಗೆ 7 ನಿಮಿಷ 10 ಸೆಕೆಂಡು ತೆಗೆದುಕೊಂಡೆ. ಎಲ್ಲರೂ ದಾಟಿ ಹೋಗುತ್ತಿದ್ದರು. ಮಗ್ಗಿ ಹೇಳುತ್ತಾ ಹೋದೆ. 16ನೇ ಕಿಲೋಮೀಟರಿನ ನಂತರ ಒಬ್ಬೊಬ್ಬರೇ ಹಿಂದೆ ಉಳಿಯತೊಡಗಿದರು. 2 ಗಂಟೆ 24 ನಿಮಿಷ. ಮನೆಗೆ ಬಂದು ಹೇಳಿದರೆ ಅಮ್ಮ ಸ್ವಲ್ಪ ಹೊತ್ತು ಯೋಚಿಸಿದರು. ನಾನು ಕಾದೆ.

"ಬಸ್ಸಿರಲಿಲ್ವೇನೋ?" ಅಂದರು.