ನರ್ನ್‌ಸ್ಟ್ ಸಮೀಕರಣದ ಲೆಕ್ಕವನ್ನು ಗೆಳೆಯರಿಗೆ ಹೇಳಿಕೊಡುವಾಗ

ದ್ವಿತೀಯ ಪಿಯುಸಿ ವಿದ್ಯಾರ್ಥಿಗಳು ರಸಾಯನಶಾಸ್ತ್ರದ ಲೆಕ್ಕಗಳನ್ನು ಪರಸ್ಪರ ಕೇಳಿಕೊಳ್ಳುವಾಗ, ಬಿಡಿಸಿದ ಉತ್ತರದ ಚಿತ್ರವನ್ನು ಕಳುಹಿಸಿ ಸುಮ್ಮನಾಗುವ ಬದಲು, ಕೇಳಿದವರು ತಾವು ಎಲ್ಲಿಯವರೆಗೆ ಬಿಡಿಸಿದ್ದಾರೆಂಬುದನ್ನು ಮೊದಲು ತೋರಿಸಲು ಹೇಳುವುದು ಒಳ್ಳೆಯದು. ತಪ್ಪು ಸಾಮಾನ್ಯವಾಗಿ ಒಂದೇ ಹಂತದಲ್ಲಿರುತ್ತದೆ.

ಉದಾಹರಣೆಗೆ, ಅಯಾನುಗಳ ಸಾಂದ್ರತೆಯಿಂದ ವಿದ್ಯುತ್ಕೋಶದ ವಿಭವವನ್ನು ಕಂಡುಹಿಡಿಯುವ ನರ್ನ್‌ಸ್ಟ್ ಸಮೀಕರಣಕ್ಕೆ ಮೆಗ್ನೀಸಿಯಂ ಮತ್ತು ಬೆಳ್ಳಿಯ ಕೋಶವನ್ನು ತೆಗೆದುಕೊಳ್ಳೋಣ. ಇದರ ಪ್ರಮಾಣಿತ ವಿಭವ (ಅಯಾನುಗಳ ಸಾಂದ್ರತೆ 1 ಮೋಲಾರ್ ಇದ್ದಾಗಿನ ವಿಭವ) 3.17 ವೋಲ್ಟ್, ಮೆಗ್ನೀಸಿಯಂ ಅಯಾನಿನ ಸಾಂದ್ರತೆ 0.1 ಮೋಲಾರ್, ಬೆಳ್ಳಿಯದು 0.01 ಮೋಲಾರ್, ತಾಪಮಾನ 298 ಕೆಲ್ವಿನ್ ಎಂದಿರಲಿ. ಒಂದು ಮೆಗ್ನೀಸಿಯಂ ಪರಮಾಣು ಬಿಡುವ ಎರಡು ಎಲೆಕ್ಟ್ರಾನ್‌ಗಳನ್ನು ಎರಡು ಬೆಳ್ಳಿ ಅಯಾನುಗಳು ಪಡೆಯುವುದರಿಂದ ಬೆಳ್ಳಿಯ ಸಾಂದ್ರತೆಯನ್ನು ವರ್ಗ ಮಾಡಲೇಬೇಕು. ಆಗ ಮೆಗ್ನೀಸಿಯಂ ಸಾಂದ್ರತೆಯನ್ನು ಆ ವರ್ಗದಿಂದ ಭಾಗಿಸಿದ ಅನುಪಾತ 1000, ಅದರ ಲಾಗ್ 3; ಸಮೀಕರಣದಲ್ಲಿ ಈ ತಾಪಮಾನಕ್ಕೆ ಬರುವ ಸ್ಥಿರಾಂಕ 0.0591 ಅನ್ನು ಎಲೆಕ್ಟ್ರಾನ್‌ಗಳ ಸಂಖ್ಯೆಯಾದ 2ರಿಂದ ಭಾಗಿಸಿ, 3ರಿಂದ ಗುಣಿಸಿ, 3.17ರಿಂದ ಕಳೆದರೆ ಉತ್ತರ ಸುಮಾರು 3.08 ವೋಲ್ಟ್. ವರ್ಗ ಮರೆತವರಿಗೆ 3.14 ಬರುತ್ತದೆ. ಗೆಳೆಯರ ಉತ್ತರ 3.14 ಎಂದಿದ್ದರೆ, ಉಳಿದ ಸಾಲುಗಳನ್ನು ಓದುವ ಮುನ್ನವೇ ಈ ಹಂತವನ್ನು ನೋಡಿರಿ.

ಅನುಪಾತವನ್ನೇ ತಲೆಕೆಳಗಾಗಿ ಬರೆಯುವುದು ಇನ್ನೊಂದು ಸಾಮಾನ್ಯ ದೋಷ (ಪರೀಕ್ಷೆಯ ಆತುರದಲ್ಲಿ ನಾನೂ ಹಾಗೆ ಬರೆದದ್ದುಂಟು). ಹಾಗೆ ಬರೆದರೆ ವಿಭವ 3.17ನ್ನು ಮೀರುತ್ತದೆ; ಅನುಪಾತ ಒಂದಕ್ಕಿಂತ ಹೆಚ್ಚಿರುವಾಗ ವಿಭವವು ಪ್ರಮಾಣಿತ ಮೌಲ್ಯಕ್ಕಿಂತ ಕಡಿಮೆಯೇ ಇರಬೇಕೆಂಬುದನ್ನು ನೆನಪಿಟ್ಟವರು ತಮ್ಮ ತಪ್ಪನ್ನು ತಾವೇ ಹಿಡಿಯುತ್ತಾರೆ. ಘಟಕವಾದ ವೋಲ್ಟ್ ಅನ್ನು ಬರೆಯಲು ಮರೆಯದಿರಿ.